ಹುಸಿಹೆಸರಿನ ಕರೆ

ರಾವಣನು ಸಂನ್ಯಾಸಿಯ ವೇಷದಲ್ಲಿ ಪರ್ಣಶಾಲೆಗೆ ಬಂದನು. ಅತಿಥಿಗೆ ಭಿಕ್ಷೆಯಿಕ್ಕುವ ಧರ್ಮವನ್ನೇ ಬಲೆಯಾಗಿ ಮಾಡಿಕೊಂಡನು. ಇಂದು ಪೊಲೀಸ್ ಅಧಿಕಾರಿಯೆಂದು ಫೋನಿನಲ್ಲಿ ಗದರಿಸುವವನ ಬಂಡವಾಳವೂ ಅಂಥದೇ. ಕಾನೂನೆಂದರೆ ಸಜ್ಜನನಿಗಿರುವ ಭಯಭಕ್ತಿ. ‘ಡಿಜಿಟಲ್ ಅರೆಸ್ಟ್’ ಎಂಬ ಬಂಧನವು ನಮ್ಮ ಯಾವ ಕಾಯಿದೆಯಲ್ಲಿಯೂ ಇಲ್ಲ. ಆದರೂ ಅದಕ್ಕೆ ಅಂಜಿ ಬಾಗಿಲು ಹಾಕಿಕೊಂಡು ಕುಳಿತವರು ಅನೇಕರು. 2024ರ ಅಕ್ಟೋಬರ್ 27ರಂದು ‘ಮನ್ ಕಿ ಬಾತ್’ನಲ್ಲಿ ಪ್ರಧಾನಿಯವರು ದೇಶಕ್ಕೆ ಕೇಳಿಸಿದ ಇಂಥ ಸಂಭಾಷಣೆಯನ್ನು ಧ್ವನಿಮುದ್ರಿಸಿಕೊಂಡಿದ್ದವರು ನಮ್ಮ ವಿಜಯಪುರದವರೊಬ್ಬರು.

ಶಿಡ್ಲಘಟ್ಟದ ಮಾರುಕಟ್ಟೆಯಲ್ಲಿ ರೇಷ್ಮೆಗೂಡು ಮಾರಿದ ರೈತನ ಹಣ ಈಗ ಬ್ಯಾಂಕು ಖಾತೆಗೆ ಸೇರುತ್ತದೆ. ಚಿಕ್ಕಬಳ್ಳಾಪುರದ ಹೂವಿನ ವ್ಯಾಪಾರಿ, ಚಿಂತಾಮಣಿಯ ಟೊಮೆಟೊ ಮಂಡಿಯವರು, ಗೌರಿಬಿದನೂರಿನ ನಿವೃತ್ತ ಉಪಾಧ್ಯಾಯರು, ಇವರೆಲ್ಲರ ಉಳಿತಾಯಕ್ಕೂ ಕೈಯಲ್ಲಿನ ಫೋನೇ ಹೆಬ್ಬಾಗಿಲು.

ಕಾಯಿದೆ ಏನೆನ್ನುತ್ತದೆ? ಸೋಗು ಹಾಕಿ ವಂಚಿಸಿದವನಿಗೆ 1860ರ ದಂಡಸಂಹಿತೆ 3 ವರ್ಷದವರೆಗಿನ ಸೆರೆಯನ್ನು ವಿಧಿಸಿತ್ತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 319ನೆಯ ಪ್ರಕರಣ ಅದನ್ನು 5 ವರ್ಷಕ್ಕೆ ಏರಿಸಿದೆ. ಯಾರ ಸೋಗು ಹಾಕಿದನೋ ಆ ವ್ಯಕ್ತಿ ಕೇವಲ ಕಲ್ಪಿತನಾದರೂ ಅಪರಾಧ ಅಪರಾಧವೇ ಎಂಬ ಹಳೆಯ ವಿವರಣೆ ಹೊಸ ಸಂಹಿತೆಯಲ್ಲಿಯೂ ಉಳಿದಿದೆ. ಹಳಬರ ದೂರದೃಷ್ಟಿಯನ್ನು ಮೆಚ್ಚಬೇಕು. ವಂಚಿಸಿ ಹಣ ಕೊಡಿಸಿಕೊಂಡವನಿಗೆ 318ನೆಯ ಪ್ರಕರಣದಂತೆ 7 ವರ್ಷದವರೆಗೆ ಸೆರೆ. ಸರ್ಕಾರಿ ನೌಕರನೆಂದು ನಟಿಸಿದರೆ 204ನೆಯದರಂತೆ 6 ತಿಂಗಳಿಗೆ ಕಡಿಮೆಯಿಲ್ಲದೆ 3 ವರ್ಷದವರೆಗೆ. ವಿಚಿತ್ರವೆಂದರೆ, ಫೋನು ಕಂಪ್ಯೂಟರುಗಳ ಸೋಗಿಗೆಂದೇ ಮಾಹಿತಿ ತಂತ್ರಜ್ಞಾನ ಕಾಯಿದೆಗೆ ಸೇರಿಸಿದ 66ಡಿ ಪ್ರಕರಣದಲ್ಲಿ ಸೆರೆ 3 ವರ್ಷ, ದಂಡ 1 ಲಕ್ಷ ರೂಪಾಯಿ ಮೀರುವಂತಿಲ್ಲ. ಅದು ಜಾಮೀನು ದೊರೆಯತಕ್ಕ ಅಪರಾಧವೂ ಹೌದು. ಒಂದು ಮನೆಯ ಜೀವಮಾನದ ಗಳಿಕೆ ಹೋದ ಮೇಲೆ ಈ ಒಂದು ಲಕ್ಷದ ದಂಡ ನಗೆಪಾಟಲಲ್ಲವೆ?

ಆದರೂ ವರ್ಷಗಳನ್ನು ಹೆಚ್ಚಿಸುವುದರಲ್ಲಿ ನನಗೆ ನಂಬಿಕೆ ಕಡಿಮೆ. ಮಾತನಾಡುವವನು ಎಲ್ಲಿಯೋ ಇರುತ್ತಾನೆ. ಕೆಲವೊಮ್ಮೆ ಕಾಂಬೋಡಿಯಾದಲ್ಲಿ, ಮ್ಯಾನ್ಮಾರಿನಲ್ಲಿ. ಕೈಗೆ ಸಿಕ್ಕುವವನು ಕಮಿಷನ್ನಿನ ಆಸೆಗೆ ತನ್ನ ಖಾತೆಯನ್ನು ಬಾಡಿಗೆಗೆ ಕೊಟ್ಟ ಹುಡುಗ, ಎಷ್ಟೋ ಸಲ ಕಾಲೇಜು ವಿದ್ಯಾರ್ಥಿ. ತಿಳಿದೂ ನೆರವಾದವನಿಗೆ ಮೂಲ ಅಪರಾಧದ ಶಿಕ್ಷೆಯೇ ತಗಲಬಹುದು. ಸೋಗಿನಿಂದ ಸಿಮ್ ಪಡೆದವನಿಗೆ 2023ರ ದೂರಸಂಪರ್ಕ ಕಾಯಿದೆ 3 ವರ್ಷದವರೆಗೆ ಸೆರೆ, 50 ಲಕ್ಷ ರೂಪಾಯಿಯವರೆಗೆ ದಂಡ, ಇಲ್ಲವೆ ಎರಡನ್ನೂ ಹೇಳಿದೆ. ಇದನ್ನು ತರಗತಿಯಲ್ಲಿ ಹೇಳಿಕೊಡುವ ಅಧ್ಯಾಪಕರನ್ನು ನಾನಿನ್ನೂ ಕಂಡಿಲ್ಲ.

ಹಣ ಮರಳುವ ಆಸೆಯಿರುವುದು ಮೊದಲ ಕೆಲವು ಗಂಟೆಗಳಲ್ಲಿ. 1930ಕ್ಕೆ ಒಡನೆಯೇ ತಿಳಿಸಿದರೆ, ಖಾತೆಯಲ್ಲಿ ಉಳಿದಿರುವಷ್ಟನ್ನು ತಡೆಹಿಡಿಯಬಹುದು. ಓದಿದವರಿಗೆ ಮಾನದ ಅಂಜಿಕೆ ಹೆಚ್ಚು. ಮಕ್ಕಳಿಗೂ ಹೇಳದೆ ರಾತ್ರಿ ಕಳೆಯುತ್ತಾರೆ. ಮರುದಿನ ಅವರು ಠಾಣೆಯ ಮೆಟ್ಟಿಲು ಹತ್ತುವ ವೇಳೆಗೆ ಹಣ ನಾಲ್ಕಾರು ಖಾತೆಗಳನ್ನು ದಾಟಿರುತ್ತದೆ.