ಅಂಗೈ ಮೇಲಿನ ಕಾರು

ನಮ್ಮ ಮನೆಯಲ್ಲಿ ಎರಡು ಕಾರುಗಳಿವೆ. ಒಂದು ಅಂಗಳದಲ್ಲಿ ನಿಲ್ಲುತ್ತದೆ. ಇನ್ನೊಂದು ಪುಸ್ತಕದ ಕಪಾಟಿನ ಮೇಲೆ. ಅಂಗಳದ ಕಾರಿಗೆ ನಾನು ಹಣ ತೆತ್ತಿದ್ದೇನೆ; ಅದರ ಕಾಗದಪತ್ರಗಳಲ್ಲಿ ಒಡೆಯನೆಂದು ನನ್ನ ಹೆಸರೇ ಇದೆ. ಆದರೂ ನನ್ನದೆಂದು ಧೈರ್ಯವಾಗಿ ಹೇಳಿಕೊಳ್ಳಬಹುದಾದ ಕಾರು ಕಪಾಟಿನ ಮೇಲಿನದೇ ಎಂದು ನನಗೆ ಅನೇಕ ಸಲ ಅನ್ನಿಸಿದೆ. ಇದು ಮುದುಕನೊಬ್ಬನ ಹುಚ್ಚೆಂದು ನಿಮಗೆ ತೋರಬಹುದು. ಕಾರಣವನ್ನು ಕೇಳಿ, ಅನಂತರ ತೀರ್ಮಾನಿಸಿರಿ.

ಕಪಾಟಿನ ಮೇಲಿರುವುದು ಫೋಕ್ಸ್‌ವ್ಯಾಗನ್ ಬೀಟಲ್ ಎಂಬ ಜರ್ಮನ್ ಕಾರಿನ ಪ್ರತಿಕೃತಿ. ಜೀರುಂಡೆಯಂತೆ ಬೆನ್ನು ಗುಂಡಗಾದ ಈ ಕಾರು 1938ರಿಂದ 2003ರವರೆಗೆ ಎರಡು ಕೋಟಿ ಹದಿನೈದು ಲಕ್ಷಕ್ಕೂ ಹೆಚ್ಚು ಸಂಖ್ಯೆಯಲ್ಲಿ ತಯಾರಾಯಿತು. ನಮ್ಮ ಪ್ರತಿಕೃತಿ ಮೂಲದ ಇಪ್ಪತ್ತನಾಲ್ಕನೆಯ ಒಂದು ಪಾಲಿನಷ್ಟು. ಮೂಲ ಕಾರಿನ ಉದ್ದ ಸುಮಾರು 407 ಸೆಂಟಿಮೀಟರ್, ಇದರದು 17. ಬಾಗಿಲ ಹಿಡಿಯಿಂದ ಗಾಲಿಯವರೆಗೆ ಎಲ್ಲವೂ ಇದೇ ಪ್ರಮಾಣದಲ್ಲಿ ಕಿರಿದಾಗಿವೆ. ಆಟಿಕೆಗೂ ಪ್ರತಿಕೃತಿಗೂ ಇರುವ ಭೇದ ಇದೇ. ಆಟಿಕೆಯ ಗಾಲಿ ಉರುಳಿದರೆ ಸಾಕು. ಪ್ರತಿಕೃತಿಯ ಗಾಲಿ ಅಳತೆಗೆ ಸರಿಹೊಂದಲೇಬೇಕು.

ಅಂಗಡಿಯಿಂದ ಬಂದಾಗ ಅದು ಕಾರಾಗಿರಲಿಲ್ಲ. ಪೆಟ್ಟಿಗೆಯೊಳಗೆ ಪ್ಲಾಸ್ಟಿಕ್ಕಿನ ಚೌಕಟ್ಟುಗಳಿಗೆ ಅಂಟಿಕೊಂಡ ಬಿಡಿಭಾಗಗಳಿದ್ದವು. ಪ್ರತಿಯೊಂದಕ್ಕೂ ಒಂದು ಅಂಕಿ ಇತ್ತು. ಎಂಟನೆಯ ತರಗತಿಯಲ್ಲಿದ್ದ ಮೊಮ್ಮಗನೂ ನಾನೂ ಮೂರು ತಿಂಗಳ ಭಾನುವಾರಗಳನ್ನು ಅದಕ್ಕಾಗಿ ಕಳೆದೆವು. ಒಂದೊಂದನ್ನೂ ಬ್ಲೇಡಿನಿಂದ ಬಿಡಿಸಿ, ಅಂಚನ್ನು ಉಜ್ಜಿ, ಬಣ್ಣ ಬಳಿದು, ಒಣಗಿಸಿ ಅಂಟಿಸಬೇಕು. ಅವಸರಪಟ್ಟರೆ ಕೆಟ್ಟಿತು. ಒಂದು ಹನಿ ಅಂಟು ಹೆಚ್ಚಾಗಿ ಬಲಗಡೆಯ ಕಿಟಕಿಯ ಗಾಜು ಮಸುಕಾಯಿತು. ಅದು ಈಗಲೂ ಮಸುಕಾಗಿಯೇ ಇದೆ.

ಎಂಜಿನ್ನಿನ ಸರದಿ ಬಂದಾಗ ಹುಡುಗ ತಬ್ಬಿಬ್ಬಾದ. "ತಾತ, ಇದಕ್ಕೆ ರೇಡಿಯೇಟರೇ ಇಲ್ಲ. ಯಾವುದೋ ಭಾಗ ಕಳೆದುಹೋಗಿರಬೇಕು" ಎಂದ. ಇಬ್ಬರೂ ಸೇರಿ ಪೆಟ್ಟಿಗೆಯನ್ನೂ ನೆಲವನ್ನೂ ಶೋಧಿಸಿದೆವು. ಕಳೆದುಹೋದದ್ದು ಏನೂ ಇರಲಿಲ್ಲ. ಬೀಟಲ್ ಕಾರಿನ ಎಂಜಿನ್ನು ಹಿಂಬದಿಯಲ್ಲಿದೆ. ಅದನ್ನು ತಂಪಾಗಿಡುವುದು ನೀರಲ್ಲ, ಬೀಸಣಿಗೆಯ ಗಾಳಿ. ಆದುದರಿಂದ ರೇಡಿಯೇಟರಿನ ಅಗತ್ಯವೇ ಇಲ್ಲ. ತರಗತಿಯಲ್ಲಿ ನಾನು ಎಷ್ಟು ಬಾರಿ ಹೇಳಿದ್ದರೂ ಮನಸ್ಸಿಗೆ ನಾಟದಿದ್ದ ಸಂಗತಿ, ಇಲ್ಲದ ಭಾಗವೊಂದನ್ನು ಹುಡುಕುತ್ತಾ ಅವನಿಗೆ ಅರ್ಥವಾಯಿತು.

ಕಿರಿದನ್ನು ಕಟ್ಟಬೇಕಾದರೆ ಹಿರಿದನ್ನು ಅರಿತಿರಬೇಕು. 1970ರ ದಶಕದಲ್ಲಿ ಜಪಾನಿನ ತಮಿಯಾ ಸಂಸ್ಥೆಯವರು ಪೋರ್ಷೆ ಕಾರಿನ ಪ್ರತಿಕೃತಿಯನ್ನು ಮಾಡಹೊರಟಾಗ, ಅದರ ಒಳಗನ್ನು ತಿಳಿಯಲೆಂದು ನಿಜವಾದ ಪೋರ್ಷೆಯೊಂದನ್ನೇ ಕೊಂಡು ಬಿಡಿಬಿಡಿಯಾಗಿ ಬಿಚ್ಚಿದರು. ಅಮೆರಿಕದಲ್ಲಿ ಜನರಲ್ ಮೋಟರ್ಸ್ ಸಂಸ್ಥೆಯ ಫಿಷರ್ ಬಾಡಿ ವಿಭಾಗವು 1930ರಿಂದ 1968ರವರೆಗೆ ಹುಡುಗರಿಗಾಗಿ ಪ್ರತಿಕೃತಿ ರಚನೆಯ ಸ್ಪರ್ಧೆಯೊಂದನ್ನು ನಡೆಸಿತು. ಮೊದಮೊದಲು ನೆಪೋಲಿಯನ್ನನ ಕಾಲದ ಸಾರೋಟನ್ನು ಕಟ್ಟಬೇಕಾಗಿತ್ತು. ಮುಂದೆ ತಾವೇ ಕಲ್ಪಿಸಿದ ಕಾರುಗಳನ್ನು. ಗೆದ್ದವರಿಗೆ ಕಾಲೇಜು ವಿದ್ಯಾಭ್ಯಾಸಕ್ಕೆ ವಿದ್ಯಾರ್ಥಿವೇತನ ದೊರೆಯುತ್ತಿತ್ತು. 1947ರಲ್ಲಿ ಹಾಗೆ ಗೆದ್ದ ಚಕ್ ಜೋರ್ಡನ್ ಎಂಬಾತ ಮುಂದೆ ಅದೇ ಸಂಸ್ಥೆಯ ವಿನ್ಯಾಸ ವಿಭಾಗದ ಮುಖ್ಯಸ್ಥನಾದ. ಹುಡುಗಿಯರಿಗೆ ಆ ಸ್ಪರ್ಧೆಯಲ್ಲಿ ಪ್ರವೇಶವಿರಲಿಲ್ಲ ಎಂಬುದನ್ನು ಮಾತ್ರ ನಾನು ಮೆಚ್ಚಲಾರೆ. ಅದೇನೇ ಇರಲಿ, ಕಾರು ತಯಾರಿಸುವವರೇ ಮಕ್ಕಳನ್ನು ಕರೆದು 'ನೀವೂ ಕಟ್ಟಿ ನೋಡಿ' ಎಂದ ಕಾಲವೊಂದಿತ್ತು.

ಈಗ ಅಂಗಳಕ್ಕೆ ಬರೋಣ. ಕಳೆದ ಮಳೆಗಾಲದಲ್ಲಿ ಒಂದು ಬೆಳಿಗ್ಗೆ ನಮ್ಮ ಕಾರಿನಲ್ಲಿ ಹಳದಿ ಬಣ್ಣದ ದೀಪವೊಂದು ಹೊತ್ತಿಕೊಂಡಿತು. ಮುಚ್ಚಳ ತೆರೆದರೆ ಕಂಡದ್ದು ಕಪ್ಪು ಪ್ಲಾಸ್ಟಿಕ್ಕಿನ ಇನ್ನೊಂದು ಮುಚ್ಚಳ! ಎಂಜಿನ್ನು ಎಲ್ಲಿ ಮೊದಲಾಗುತ್ತದೆಂಬುದೇ ತಿಳಿಯಲಿಲ್ಲ. ಕೈಪಿಡಿಯಲ್ಲಿ ದೀಪದ ಅರ್ಥವನ್ನು ಹುಡುಕಿದೆ. 'ಅಧಿಕೃತ ಕೇಂದ್ರವನ್ನು ಸಂಪರ್ಕಿಸಿ' ಎಂದಿತ್ತು. ಸಂಪರ್ಕಿಸಿದೆ. ಅಲ್ಲಿಯ ತರುಣ ಗಣಕಯಂತ್ರವೊಂದನ್ನು ಕಾರಿಗೆ ಜೋಡಿಸಿ ಪರದೆಯನ್ನು ನೋಡಿದ. ಆ ಪರದೆ ನನಗೆ ಕಾಣದಂತಿತ್ತು. ಇಲಿ ತಂತಿಯನ್ನು ಕಡಿದಿದೆಯೆಂದೂ ತಂತಿಗಳ ಇಡೀ ಕಟ್ಟನ್ನೇ ಬದಲಿಸಬೇಕೆಂದೂ, ಅದಕ್ಕೆ 38,000 ರೂಪಾಯಿ ಆಗುವುದೆಂದೂ ವಿನಯದಿಂದಲೇ ತಿಳಿಸಿದ. ಕಡಿದ ತಂತಿಗೆ ಬೆಸುಗೆ ಹಾಕಲಾಗದೆ ಎಂದು ಕೇಳಿದೆ. ಹೊರಗಿನವರು ಕೈಹಾಕಿದರೆ ವಾರಂಟಿ ಇಲ್ಲವೆಂಬ ಉತ್ತರ ಬಂದಿತು. ನಾನು ಹೆದರಿದೆ; ಹಣ ಕಟ್ಟಿದೆ. ಹಳೆಯ ಕಟ್ಟನ್ನಾದರೂ ಕೊಡಿರೆಂದು ಹಟಮಾಡಿ ಮನೆಗೆ ತಂದು ಬಿಚ್ಚಿ ನೋಡಿದರೆ, ಇಲಿ ಕಡಿದದ್ದು ಒಂದೇ ಒಂದು ತಂತಿಯನ್ನು.

ಹಳೆಯದೆಲ್ಲ ಹೊನ್ನೆಂದು ನಾನು ವಾದಿಸುತ್ತಿಲ್ಲ. ನಮ್ಮೂರಿನ ಬಾಡಿಗೆ ಅಂಬಾಸಿಡರ್ ಕಾರುಗಳಲ್ಲಿ ನಾನು ಎಷ್ಟೋ ಸಲ ಪ್ರಯಾಣ ಮಾಡಿದ್ದೇನೆ. ದಾರಿಯಲ್ಲಿ ನಿಂತರೆ ಚಾಲಕನೇ ಕೆಳಗಿಳಿದು, ಕಾರ್ಬ್ಯುರೇಟರಿನ ಜೆಟ್ಟನ್ನು ಬಿಚ್ಚಿ ಬಾಯಿಂದ ಊದಿ ಸರಿಮಾಡುತ್ತಿದ್ದ, ನಿಜ. ಆದರೆ ಅವು ಮೇಲಿಂದ ಮೇಲೆ ನಿಲ್ಲುತ್ತಲೂ ಇದ್ದವು, ಹೊಗೆಯನ್ನೂ ಉಗುಳುತ್ತಿದ್ದವು. ಇಂದಿನ ಕಾರು ಹೊಗೆಯನ್ನು ಅಳೆದು ತಗ್ಗಿಸುತ್ತದೆ. ಅಪಘಾತದಲ್ಲಿ ಗಾಳಿಚೀಲವನ್ನು ಉಬ್ಬಿಸಿ ಜೀವ ಉಳಿಸುತ್ತದೆ. ಇವನ್ನು ಬಾಯಿಂದ ಊದಿ ನಡೆಸಲಾಗುವುದಿಲ್ಲ. ಯಂತ್ರ ಜಟಿಲವಾದುದಕ್ಕೆ ನನ್ನ ಆಕ್ಷೇಪವಿಲ್ಲ. ಜಟಿಲತೆಯ ನೆಪದಲ್ಲಿ ಅದನ್ನು ಒಡೆಯನಿಂದಲೇ ಮುಚ್ಚಿಡುತ್ತಾರಲ್ಲ, ನನ್ನ ಆಕ್ಷೇಪ ಅದಕ್ಕೆ.

ಇದು ನನ್ನೊಬ್ಬನ ಗೊಣಗಾಟವಲ್ಲ. ಬಿಡಿಭಾಗಗಳೂ ದೋಷಪತ್ತೆಯ ಉಪಕರಣಗಳೂ ಹೊರಗಿನ ಮೆಕ್ಯಾನಿಕ್ಕುಗಳಿಗೆ ದೊರೆಯದಂತೆ ತಡೆದುದಕ್ಕಾಗಿ ಭಾರತೀಯ ಸ್ಪರ್ಧಾ ಆಯೋಗವು 2014ರ ಆಗಸ್ಟ್ ತಿಂಗಳಲ್ಲಿ 14 ಕಾರು ಸಂಸ್ಥೆಗಳಿಗೆ ಒಟ್ಟು 2,544 ಕೋಟಿ ರೂಪಾಯಿಗೂ ಮೀರಿದ ದಂಡ ವಿಧಿಸಿತು. ಆ ಆದೇಶ ಮುಂದೆ ನ್ಯಾಯಾಲಯದ ಮೆಟ್ಟಿಲೇರಿತು. 2022ರಲ್ಲಿ ಕೇಂದ್ರ ಸರ್ಕಾರ 'ದುರಸ್ತಿಯ ಹಕ್ಕು' ಕುರಿತು ಸಮಿತಿಯೊಂದನ್ನು ರಚಿಸಿದಾಗ ವಾಹನಗಳನ್ನೂ ಅದರ ಪರಿಶೀಲನೆಗೆ ಸೇರಿಸಿತು. ಅದೇ ವರ್ಷ ಬಿಎಂಡಬ್ಲ್ಯೂ ಸಂಸ್ಥೆ ಕೆಲವು ದೇಶಗಳಲ್ಲಿ, ಕಾರಿನಲ್ಲಿ ಆಗಲೇ ಅಳವಡಿಸಿದ್ದ ಆಸನ ಬಿಸಿಮಾಡುವ ಸೌಕರ್ಯಕ್ಕೆ ತಿಂಗಳ ಚಂದಾ ಕೇಳತೊಡಗಿತು; ಜನ ಗೇಲಿಮಾಡಿದ ಮೇಲೆ, 2023ರಲ್ಲಿ ಅದನ್ನು ಕೈಬಿಟ್ಟಿತು. ನಮ್ಮ ಮನೆಯ ಕುರ್ಚಿಯಲ್ಲಿ ನಾವೇ ಬಾಡಿಗೆ ಕೊಟ್ಟು ಕೂರುವಂತಹ ಏರ್ಪಾಡು ಇದು!

ಕಾರು ಕೊಂಡವನಿಗೆ ಅದರ ದೋಷವನ್ನು ತಿಳಿಯುವ ಹಕ್ಕಿರಬೇಕು. ಆ ಪರದೆ ಅವನತ್ತಲೂ ತಿರುಗಬೇಕು. ಯಾರಿಂದ ರಿಪೇರಿ ಮಾಡಿಸಬೇಕೆಂಬುದನ್ನು ಅವನೇ ನಿರ್ಧರಿಸುವಂತಿರಬೇಕು. ನಮ್ಮ ಬೀದಿಯ ಕೊನೆಯಲ್ಲಿ ಒಬ್ಬ ಎಲೆಕ್ಟ್ರಿಷಿಯನ್ ಇದ್ದಾನೆ, ನನ್ನ ಹಳೆಯ ವಿದ್ಯಾರ್ಥಿ. ಆ ತಂತಿಯನ್ನು ತೋರಿಸಿದಾಗ ಅವನು ನಕ್ಕು, "ಅರ್ಧ ಗಂಟೆಯ ಕೆಲಸ ಸಾರ್, ನನ್ನನ್ನು ಕರೆಯಬಾರದಿತ್ತೆ?" ಎಂದ. ಅವನ ಮುಖವನ್ನು ನೋಡಲು ನನಗೆ ನಾಚಿಕೆಯಾಯಿತು.

ಆ ಕಟ್ಟನ್ನು ನಾನು ಗುಜರಿಗೆ ಹಾಕಲಿಲ್ಲ. ಬೀಟಲ್ ಕಾರಿನ ಡಿಸ್ಟ್ರಿಬ್ಯೂಟರಿನಿಂದ ನಾಲ್ಕು ಪ್ಲಗ್ಗುಗಳಿಗೆ ಹೋಗುವ ತಂತಿಗಳು ಪೆಟ್ಟಿಗೆಯಲ್ಲಿ ಇರಲಿಲ್ಲ. ಮೂಲದಲ್ಲಿ ಅವು ಸುಮಾರು 7 ಮಿಲಿಮೀಟರ್ ದಪ್ಪ; ಇಪ್ಪತ್ತನಾಲ್ಕರಿಂದ ಭಾಗಿಸಿದರೆ 0.3. ಇಲಿ ಕಡಿದ ತಂತಿಯ ಸಿಪ್ಪೆ ಸುಲಿದಾಗ ಒಳಗೆ ಹೆಚ್ಚುಕಡಿಮೆ ಅಷ್ಟೇ ದಪ್ಪದ ತಾಮ್ರದ ಎಳೆಗಳು ಸಿಕ್ಕಿದವು. ಹುಡುಗ ನಾಲ್ಕು ಎಳೆಗಳಿಗೆ ಕಪ್ಪು ಬಣ್ಣ ಬಳಿದು ಜೋಡಿಸತೊಡಗಿದ. ಆ ಎಂಜಿನ್ನಿನಲ್ಲಿ ಕಿಡಿ ಹೊತ್ತುವುದು ಒಂದು, ನಾಲ್ಕು, ಮೂರು, ಎರಡು ಎಂಬ ಕ್ರಮದಲ್ಲಿ. ಅವನು ಒಂದರ ಅನಂತರ ಎರಡಕ್ಕೆ ಅಂಟಿಸಿಬಿಟ್ಟಿದ್ದ. ಎಂದೂ ಓಡದ ಎಂಜಿನ್ನಿಗೆ ಕ್ರಮವೇಕೆ, ಇರಲಿ ಬಿಡು ಎಂದೆ. ಅವನು ಉತ್ತರ ಕೊಡದೆ, ಚಿಮುಟದಿಂದ ಆ ತಂತಿಯನ್ನು ಕಿತ್ತು ನಾಲ್ಕನೆಯದಕ್ಕೆ ಅಂಟಿಸಿದ.