ಬೆಲೆ ಕುಸಿಯದ ಹೊಲ

ವಿಡಿಯೊ ಗೇಮ್‌ಗಳ ಕುರಿತು ನಮ್ಮಲ್ಲಿ ನಡೆಯುವ ಚರ್ಚೆ ಸಾಮಾನ್ಯವಾಗಿ ಎರಡು ಮಾತುಗಳಲ್ಲಿ ಮುಗಿದುಹೋಗುತ್ತದೆ: ಮಕ್ಕಳ ಓದು ಹಾಳಾಗುತ್ತದೆ, ಮನೆಯ ಹಣ ಹಾಳಾಗುತ್ತದೆ. ಎರಡನೆಯದಕ್ಕೆ ಕಾನೂನು ತಕ್ಕಮಟ್ಟಿಗೆ ಉತ್ತರ ನೀಡಿದೆ. ಪಣವೊಡ್ಡಿ ಆಡುವ ಆನ್‌ಲೈನ್ ಆಟಗಳನ್ನು ತಡೆಯಲು ಕರ್ನಾಟಕ ಸರ್ಕಾರ 2021ರಲ್ಲಿ ತಂದ ತಿದ್ದುಪಡಿಯ ಮುಖ್ಯ ಅಂಶಗಳನ್ನು ಹೈಕೋರ್ಟ್ 2022ರ ಫೆಬ್ರುವರಿಯಲ್ಲಿ ರದ್ದುಪಡಿಸಿತು. 2025ರ ಆಗಸ್ಟ್‌ನಲ್ಲಿ ಸಂಸತ್ತೇ ಅಂಥ ಆಟಗಳನ್ನು ನಿಷೇಧಿಸುವ ಕಾಯ್ದೆಯನ್ನು ಅಂಗೀಕರಿಸಿತು. ಅದು ಸರಿಯಾದ ಹೆಜ್ಜೆ. ಆದರೆ ಪಣವಿಲ್ಲದ ಆಟಗಳ ಒಳಗೆ ಏನಿದೆ, ಅವು ಆಡುವವರಿಗೆ ಯಾವ ಲೋಕವನ್ನು ತೋರಿಸುತ್ತವೆ ಎಂಬುದನ್ನು ಆಡಿ ನೋಡಿ ಹೇಳುವ ಹಿರಿಯರು ವಿರಳ. ಕಳೆದ ಕೆಲವು ತಿಂಗಳುಗಳಲ್ಲಿ ನಾನು ಅಂಥ ಮೂರು ಆಟಗಳನ್ನು ಸಾಕಷ್ಟು ಹೊತ್ತು ಆಡಿದೆ. ಎರಡು ಬೇಸಾಯದವು, ಒಂದು ಯುದ್ಧದ್ದು. ಆಡುವಾಗ ಮನಸ್ಸಿನಲ್ಲಿದ್ದುದು ನಾನು ಬಲ್ಲ ಬೇಸಾಯ, ಅಂದರೆ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಸೀಮೆಯ ಮಳೆಯಾಶ್ರಿತ ಬೇಸಾಯ.

ಮೊದಲನೆಯದು ಫಿನ್ಲೆಂಡಿನ ಸೂಪರ್‌ಸೆಲ್ ಸಂಸ್ಥೆ 2012ರಲ್ಲಿ ಹೊರತಂದ ‘ಹೇ ಡೇ’. ಇದರಲ್ಲಿ ಗೋಧಿ ಎರಡು ನಿಮಿಷದಲ್ಲಿ ಮಾಗುತ್ತದೆ. ಒಂದು ಬಿತ್ತಿದರೆ ಎರಡು ಬರುತ್ತದೆ, ತಪ್ಪುವುದೇ ಇಲ್ಲ. ಕೊಯ್ಯದೆ ಬಿಟ್ಟರೂ ಪೈರು ಕೊಳೆಯದೆ ಕಾದುಕೊಂಡು ನಿಂತಿರುತ್ತದೆ. ಇದನ್ನು ಮಕ್ಕಳ ಆಟಿಕೆಯೆಂದು ಬದಿಗಿಡಬಹುದು.

ಎರಡನೆಯದಾದ ‘ಸ್ಟಾರ್‌ಡ್ಯೂ ವ್ಯಾಲಿ’ ಹಾಗಲ್ಲ. ಅಮೆರಿಕದ ಎರಿಕ್ ಬರೋನ್ ಎಂಬ ಯುವಕ ನಾಲ್ಕು ವರ್ಷಕ್ಕೂ ಹೆಚ್ಚು ಕಾಲ ಒಬ್ಬನೇ ಕುಳಿತು, ಚಿತ್ರ, ಸಂಗೀತ, ಕತೆ ಎಲ್ಲವನ್ನೂ ತಾನೇ ರಚಿಸಿ 2016ರಲ್ಲಿ ಬಿಡುಗಡೆ ಮಾಡಿದ ಆಟವಿದು. ನಗರದ ನೌಕರಿಯಿಂದ ಬೇಸತ್ತವನೊಬ್ಬ ಅಜ್ಜನ ಹಾಳುಬಿದ್ದ ಹೊಲಕ್ಕೆ ಮರಳುತ್ತಾನೆ. ಕಲ್ಲು ಆರಿಸಿ, ಕಳೆ ಕಿತ್ತು, ನೆಲ ಹಸನು ಮಾಡುತ್ತಾನೆ. 28 ದಿನಗಳ ನಾಲ್ಕು ಋತುಗಳು, ಋತುವಿಗೊಂದು ಬೆಳೆ. ಊರಿನವರೊಡನೆ ಸ್ನೇಹ ಬೆಳೆಸಬೇಕು, ಹಬ್ಬಗಳಿಗೆ ಹೋಗಬೇಕು. ಆಟ ಸೌಮ್ಯವಾಗಿದೆ, ಸಜ್ಜನಿಕೆಯಿಂದ ಕೂಡಿದೆ. ರಾತ್ರಿ ಹನ್ನೊಂದರವರೆಗೆ ಆಡಿದ ದಿನಗಳೂ ಉಂಟು.

ಆದರೆ ಅರ್ಥಶಾಸ್ತ್ರ ಓದಿದವನ ಕಣ್ಣು ಬೇರೆಡೆಗೆ ಹೋಗುತ್ತದೆ. ಅಲ್ಲಿ ಮೂಲಂಗಿಯಂತೆ ಕಾಣುವ ಒಂದು ಗೆಡ್ಡೆಯಿದೆ. ಬೀಜಕ್ಕೆ 20 ನಾಣ್ಯ, ನಾಲ್ಕು ದಿನದ ಬೆಳೆ, ಸಾಧಾರಣ ದರ್ಜೆಯದಕ್ಕೆ 35 ನಾಣ್ಯ. ಹತ್ತು ಮಾರಿದರೂ 35, ಸಾವಿರ ಮಾರಿದರೂ 35. ಸಂಜೆ ಪೆಟ್ಟಿಗೆಯಲ್ಲಿ ಹಾಕಿದರೆ ಬೆಳಿಗ್ಗೆ ಹಣ ಕೈಸೇರುತ್ತದೆ. ನಾಳೆ ಮಳೆಯೋ ಬಿಸಿಲೋ ಎಂದು ಟಿ.ವಿ. ಹೇಳಿದರೆ ಅದು ಹಾಗೆಯೇ ಆಗುತ್ತದೆ. ನಷ್ಟವೇ ಇಲ್ಲವೆಂದಲ್ಲ. ಕಾಗೆಗಳು ತಿನ್ನುತ್ತವೆ, ಋತು ಬದಲಾದ ದಿನ ಹೊಲದಲ್ಲಿ ಉಳಿದ ಬೆಳೆ ಒಣಗುತ್ತದೆ. ಆದರೆ ಬೆದರುಬೊಂಬೆ ನಿಲ್ಲಿಸಿದರೆ ಕಾಗೆ ಬಾರದು. ಋತು ಬದಲಾಗುವ ದಿನವಂತೂ ಪಂಚಾಂಗದಲ್ಲೇ ಇದೆ. ಅರ್ಥಶಾಸ್ತ್ರಜ್ಞ ಫ್ರಾಂಕ್ ನೈಟ್ 1921ರಲ್ಲಿಯೇ ಲೆಕ್ಕಕ್ಕೆ ಸಿಗುವ ಅಪಾಯ ಬೇರೆ, ಲೆಕ್ಕಕ್ಕೆ ಸಿಗದ ಅನಿಶ್ಚಿತತೆ ಬೇರೆ ಎಂದು ವಿಂಗಡಿಸಿ ತೋರಿಸಿದ್ದರು. ಆಟದ ಹೊಲದಲ್ಲಿ ಮೊದಲನೆಯದು ಮಾತ್ರ ಇದೆ.

ಕೂಡ್ಲಿಗಿಯ ಕೆಂಪು ನೆಲದಲ್ಲಿ ಇರುವುದು ಬಹುತೇಕ ಎರಡನೆಯದು. ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಆಸುಪಾಸಿನ ಮಳೆ ಎಂದು ಸರಾಸರಿ ಹೇಳುತ್ತದೆ. ಆದರೆ ಬಿತ್ತುವವನಿಗೆ ಸರಾಸರಿಯಿಂದ ಪ್ರಯೋಜನವಿಲ್ಲ. ಬಿತ್ತಿದ ಮೂರನೆಯ ವಾರದಲ್ಲಿ ಮಳೆ ಬರುತ್ತದೆಯೇ ಎಂಬುದೇ ಅವನ ಪ್ರಶ್ನೆ. 2023ರ ಮುಂಗಾರಿನಲ್ಲಿ ಬರಲಿಲ್ಲ. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಿತವಾದವು. ಮಳೆ ಬಂದ ವರ್ಷಗಳಲ್ಲಿ ಬೆಲೆಯ ಕಾಟ. ಕಳೆದ ಸಲ ಈರುಳ್ಳಿಗೆ ಒಳ್ಳೆಯ ದರ ಸಿಕ್ಕಿತೆಂದು ಎಲ್ಲರೂ ಈರುಳ್ಳಿ ಬಿತ್ತುತ್ತಾರೆ, ಮಾಲು ಬರುವ ಹೊತ್ತಿಗೆ ದರ ನೆಲಕಚ್ಚುತ್ತದೆ, ಮುಂದಿನ ವರ್ಷ ಬಿತ್ತನೆ ಕುಗ್ಗುತ್ತದೆ, ದರ ಮತ್ತೆ ಏರುತ್ತದೆ. ಮೋರ್ಡೆಕೈ ಎಝೆಕಿಯಲ್ 1938ರಲ್ಲಿ ಇದನ್ನು ಜೇಡರಬಲೆಯ ಸಿದ್ಧಾಂತವೆಂದು ವಿವರಿಸಿದರು. ನಮ್ಮ ರೈತನಿಗೆ ಆ ಹೆಸರು ಗೊತ್ತಿಲ್ಲದಿರಬಹುದು, ಬಲೆ ಗೊತ್ತು. ಇದರ ಮೇಲೆ ದೆಹಲಿಯ ಆದೇಶಗಳು. 2023ರ ಆಗಸ್ಟ್‌ನಲ್ಲಿ ಈರುಳ್ಳಿ ರಫ್ತಿಗೆ ಶೇ 40ರಷ್ಟು ಸುಂಕ, ಡಿಸೆಂಬರ್‌ನಲ್ಲಿ ರಫ್ತೇ ನಿಷೇಧ. ಅದು ತೆರವಾದದ್ದು 2024ರ ಮೇ ತಿಂಗಳಲ್ಲಿ. ಮೆಕ್ಕೆಜೋಳವನ್ನೇ ಹೆಚ್ಚಾಗಿ ನಂಬಿರುವ ಹರಪನಹಳ್ಳಿಯ ಕಡೆಗೆ ಬಂದರೆ, 2025–26ಕ್ಕೆ ಕ್ವಿಂಟಲ್‌ಗೆ 2,400 ರೂಪಾಯಿ ಬೆಂಬಲ ಬೆಲೆ ಘೋಷಣೆಯಾಗಿತ್ತು. ಸುಗ್ಗಿಯಲ್ಲಿ ಮಾರುಕಟ್ಟೆ ದರ ಅದಕ್ಕಿಂತ ಬಹಳ ಕೆಳಗಿತ್ತು, ರಾಜ್ಯದ ಮೆಕ್ಕೆಜೋಳ ಬೆಳೆಗಾರರು ಬೀದಿಗಿಳಿದರು.

ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಪ್ರತಿ ವರ್ಷ ಜಾತ್ರೆಯಂದು ಗೊರವಯ್ಯ ಬಿಲ್ಲನ್ನೇರಿ ನುಡಿಯುವ ಒಂದೇ ವಾಕ್ಯದ ಕಾರ್ಣಿಕವನ್ನು ಕೇಳಲು ಲಕ್ಷಾಂತರ ಜನ ಏಕೆ ಸೇರುತ್ತಾರೆ ಎಂಬುದಕ್ಕೆ ಮೌಢ್ಯವೆಂಬ ಉತ್ತರ ಸಾಲದು. ಆ ಮಾತಿನಲ್ಲಿ ಅವರು ಹುಡುಕುವುದು ಮಳೆ, ಬೆಳೆ, ಧಾರಣೆಗಳ ಸುಳಿವನ್ನು. ನಾಳಿನ ಹವೆಯನ್ನು ತಪ್ಪದೆ ಹೇಳುವ ಟಿ.ವಿ. ಅವರ ಹೊಲದ ಬಳಿ ಇಲ್ಲ.

ಸೋಜಿಗವೆಂದರೆ, ಈ ಸೀಮೆಯ ಮಾರುಕಟ್ಟೆಗೆ ಹತ್ತಿರವಾದದ್ದು ಯುದ್ಧದ ಆಟ. 1999ರ ‘ಏಜ್ ಆಫ್ ಎಂಪೈರ್ಸ್–2’ರ ಹೊಸ ಆವೃತ್ತಿಗೆ 2022ರಲ್ಲಿ ಭಾರತದ ರಾಜವಂಶಗಳ ಭಾಗವೊಂದು ಸೇರಿತು. ಅದರಲ್ಲಿ ದವಸ ಮಾರಲು ಹೋದರೆ ಮೊದಲು ಕಮಿಷನ್ ಮುರಿದುಕೊಳ್ಳುತ್ತಾರೆ: ನೂರರ ಬೆಲೆಯ ದವಸಕ್ಕೆ ಕೈಗೆ ಬರುವುದು ಎಪ್ಪತ್ತು. ಪ್ರತಿ ಮಾರಾಟಕ್ಕೂ ದರ ಇಳಿಯುತ್ತದೆ. ಎದುರಾಳಿ ಮಾರಿದರೂ ನನ್ನ ದರ ಬೀಳುತ್ತದೆ. ಕೊಟ್ಟೂರಿನ ಎಪಿಎಂಸಿ ಪ್ರಾಂಗಣದಲ್ಲಿ ಚೀಲಗಳ ಪಕ್ಕ ಕುಳಿತವರಿಗೆ ಇದನ್ನು ವಿವರಿಸಬೇಕಾಗಿಲ್ಲ. (ಅದೇ ಆಟದಲ್ಲಿ ದ್ರಾವಿಡರಿಗೆ ‘ವೂಟ್ಜ್’ ಉಕ್ಕಿನ ವಿದ್ಯೆ ದೊರೆಯುತ್ತದೆ. ಆ ಪದ ಕನ್ನಡದ ‘ಉಕ್ಕು’ವಿನಿಂದ ಬಂದುದೆಂದು ಹಲವು ವಿದ್ವಾಂಸರ ಮತ. ಆದರೆ ಆಟದ ದ್ರಾವಿಡರು ಆಡುವುದು ತಮಿಳು. ಕನ್ನಡ ಎಲ್ಲಿಯೂ ಕೇಳಿಸುವುದಿಲ್ಲ.)

ಆಟ ಆಟವೇ ತಾನೆ, ಅದರಲ್ಲಿ ಬರ, ಸಾಲ, ದಲ್ಲಾಳಿಗಳನ್ನು ಹುಡುಕುವುದು ಅರಸಿಕತೆ ಎನ್ನಬಹುದು. ಆಟವು ಮನರಂಜನೆಗಾಗಿಯೇ ಇರಲಿ. ಆದರೆ ದುಡಿದರೆ ಬೆಳೆ, ಬೆಳೆದರೆ ಹಣ ಎಂಬ ಈ ಸರಳ ಸಮೀಕರಣ ಮೊಬೈಲಿಗಷ್ಟೇ ಸೀಮಿತವಾಗಿಲ್ಲ. ಸಾಲ ಮನ್ನಾದ ಪ್ರಶ್ನೆ ಬಂದಾಗಲೆಲ್ಲ ನಗರದ ಮಾತುಕತೆಯಲ್ಲಿ ಕೇಳಿಬರುವುದೂ ಅದೇ: ಸರಿಯಾಗಿ ದುಡಿದಿದ್ದರೆ ಸೋಲುತ್ತಿದ್ದನೇ? ಇಳುವರಿ ಹೆಚ್ಚಿಸುವುದನ್ನೇ ಗುರಿಯಾಗಿಸಿಕೊಂಡ ಸರ್ಕಾರಿ ಯೋಜನೆಗಳ ಬೆನ್ನಿಗಿರುವುದೂ ಬಹುಮಟ್ಟಿಗೆ ಈ ಸಮೀಕರಣವೇ. ಹರಪನಹಳ್ಳಿ, ಕೂಡ್ಲಿಗಿಯ ತಾಂಡಾಗಳಿಂದ ಚಿಕ್ಕಮಗಳೂರಿನ ಕಾಫಿ ತೋಟಗಳಿಗೆ ಗುಳೆ ಹೋಗುವವರು ದುಡಿಮೆಗೆ ಹಿಂಜರಿದವರಲ್ಲ. ಅವರ ಮಕ್ಕಳ ಕೈಯಲ್ಲಿಯೂ ಈಗ ಮೊಬೈಲ್ ಇದೆ. ಅಪ್ಪ ಅವ್ವ ಪ್ರತಿ ಜೂನ್ ತಿಂಗಳಲ್ಲಿ ಎಷ್ಟು ಕಠಿಣವಾದ ಲೆಕ್ಕ ಹಾಕುತ್ತಾರೆ ಎಂಬುದನ್ನು ತೋರಿಸುವ ಆಟವನ್ನು ನಾನು ಈವರೆಗೆ ಕಂಡಿಲ್ಲ.

ಅಂಥ ಆಟವನ್ನು ಕಟ್ಟಲು ಸಾಧ್ಯ, ಅದು ರೋಚಕವೂ ಆದೀತು. ಐದು ಎಕರೆ, ಒಂದು ಕೊಳವೆಬಾವಿ. ರೋಹಿಣಿ ಮಳೆಗೆ ಬಿತ್ತಬೇಕೇ, ಮೃಗಶಿರಾಕ್ಕೆ ಕಾಯಬೇಕೇ? ಪೂರ್ತಿ ಈರುಳ್ಳಿಯೋ, ಅರ್ಧಕ್ಕೆ ಶೇಂಗಾವೋ, ಹಡಗಲಿಯವರಂತೆ ಒಂದು ಮೂಲೆಗೆ ಮಲ್ಲಿಗೆಯೋ? ಮೊಳಕೆ ಬಾಡಿದರೆ ಹರಗಿ ಮತ್ತೆ ಬಿತ್ತಲು ಬೀಜದ ಹಣ ಎಲ್ಲಿಂದ? ಲಾರಿ ಮಾಡಿ ಯಶವಂತಪುರಕ್ಕೆ ಒಯ್ಯುವುದೋ, ಹೊಲದಲ್ಲೇ ಕೊಟ್ಟುಬಿಡುವುದೋ? ಅನಿಮೇಷನ್ ಮತ್ತು ಗೇಮಿಂಗ್ ಉದ್ಯಮಕ್ಕೆ 2012ರಷ್ಟು ಹಿಂದೆಯೇ ನೀತಿ ರೂಪಿಸಿದ ರಾಜ್ಯ ನಮ್ಮದು. 2024–29ರ ಅವಧಿಗೆ ಹೊಸ ನೀತಿಯೂ ಬಂದಿದೆ. ಅದರ ಪ್ರೋತ್ಸಾಹದ ಒಂದಂಶ ಕನ್ನಡದಲ್ಲಿ ಇಂಥ ಆಟ ಕಟ್ಟುವವರಿಗೆ ಮೀಸಲಾಗಲಿ. ಮಳೆ, ಬೆಲೆಗಳನ್ನು ಕಲ್ಪಿಸಿಕೊಳ್ಳುವ ಶ್ರಮವೂ ಬೇಕಿಲ್ಲ. ಗ್ರಾಮ ಪಂಚಾಯಿತಿಗಳಲ್ಲಿರುವ ಮಳೆಮಾಪಕಗಳ ಅಂಕಿಗಳು ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದಲ್ಲಿವೆ, ಎಪಿಎಂಸಿಗಳ ದಿನನಿತ್ಯದ ಧಾರಣೆ ಕೃಷಿ ಮಾರಾಟ ಇಲಾಖೆಯ ಬಳಿ ಇದೆ. ಹಿಂದಿನ ಹತ್ತು ವರ್ಷಗಳ ಆ ಎರಡು ಕೋಷ್ಟಕಗಳನ್ನು ಆಟದೊಳಗೆ ಇದ್ದಂತೆಯೇ ಇಟ್ಟು, ಯಾವ ವರ್ಷವೆಂದು ತಿಳಿಸದೆ ಆಡಲು ಬಿಟ್ಟರೆ ಸಾಕು.