ಗುಳಿಗಿಗೂ ಒಂದು ಹೊತ್ತು ಅದ

"ವಿಟಮಿನ್ ಗುಳಿಗಿ ಯಾವಾಗ ತೊಗೊಂಡ್ರ ಛಲೋ ರೀ, ಮುಂಜಾನೆನೋ ರಾತ್ರಿನೋ?" ಅಂತ ಯಾರರೆ ಕೇಳಿದ್ರ ನಾ ತಿರುಗಿ ಕೇಳೋದು ಒಂದ ಮಾತು: "ಅದರ ಜೋಡಿ ಏನ ತೊಗೋತೀರಿ?" ಗಡಿಯಾರದಾಗ ಎಷ್ಟಾತು ಅನ್ನೋದಕ್ಕಿಂತಾ ಆ ಹೊತ್ತಿಗೆ ಹೊಟ್ಟಿಯೊಳಗ ಏನ ಅದ ಅನ್ನೋದು ದೊಡ್ಡದು. ಇದನ್ನ ನಾ ಕಲಿತದ್ದು ನಮ್ಮ ಅತ್ತಿಯವರ ಗುಳಿಗಿ ಡಬ್ಬಿಯಿಂದ.

ಅವರಿಗೆ ಎಪ್ಪತ್ತರ ಹತ್ರ ವಯಸ್ಸು. ನಸುಕಿನ್ಯಾಗ ಎದ್ದು, ಮಾರಿ ತೊಳಕೊಂಡು, ಸ್ಟೀಲ್ ಡಬ್ಬಿ ತಗದು ಗುಳಿಗಿ ಎಲ್ಲಾ ಅಂಗೈಯೊಳಗ ಸುರಕೊಳ್ಳೋರು. ಥೈರಾಯ್ಡಿಂದು ಒಂದು, ಕಬ್ಬಿಣಾಂಶದ್ದು ಒಂದು, ಕ್ಯಾಲ್ಸಿಯಂದು ಒಂದು. ಮೂರೂ ಒಮ್ಮೆ ಬಾಯಾಗ ಒಗಕೊಂಡು ಮ್ಯಾಲೆ ಬಿಸಿ ಬಿಸಿ ಚಹಾ. "ಒಮ್ಮೆ ಮುಗದು ಹೋತಂದ್ರ ದಿನಾಪೂರ್ತಿ ಆ ಚಿಂತಿ ಇಲ್ಲ ನೋಡವಾ" ಅನ್ನೋರು. ಎಷ್ಟ ಶಿಸ್ತು ಇವರದು ಅಂತ ನಾನೂ ಖುಷಿ ಪಡ್ತಿದ್ದೆ.

ಆದ್ರ ವರ್ಷ ಆದ್ರೂ ರಕ್ತ ಏರಲಿಲ್ಲಾ. ನಾಲ್ಕು ಮೆಟ್ಟಲಾ ಹತ್ತಿದ್ರ ತೇಕು. ಥೈರಾಯ್ಡ್ ಹತೋಟಿಗೆ ಬರಲಿಲ್ಲಾಂತ ಗುಳಿಗಿ ಡೋಸ್ ಎರಡು ಸರ್ತೆ ಏರಿಸಿದ್ರು. "ವಯಸ್ಸಾತಲ್ಲಾ" ಅಂತ ನಾವೆಲ್ಲಾ ಸುಮ್ಮನಾದ್ವಿ. ಕಡೀಕ ಬ್ಯಾರೆ ಒಬ್ಬ ಡಾಕ್ಟರಮ್ಮ, "ಅಜ್ಜಿ, ಗುಳಿಗಿ ಹೆಂಗ ತೊಗೋತೀರಿ, ಮಾಡಿ ತೋರಸ್ರಿ" ಅಂದ್ರು. ಅತ್ತಿಯವರು ಅಂಗೈ ಬಾಯಿಗೆ ಒಯ್ದು, ಚಹಾ ಕುಡಧಂಗ ಮಾಡಿ ತೋರಿಸಿದ್ರು. ಅಷ್ಟರಾಗ ಎಲ್ಲಾ ತಿಳೀತು.

ಕ್ಯಾಲ್ಸಿಯಂ, ಕಬ್ಬಿಣಾಂಶ ಎರಡೂ ಥೈರಾಯ್ಡ್ ಗುಳಿಗಿನ ಹೊಟ್ಟಿಯೊಳಗನ ಹಿಡಕೊಂಡು ಕೂಡ್ತಾವ, ರಕ್ತಕ್ಕ ಹೋಗಗೊಡೂದಿಲ್ಲಾ. ನಡುವ 4 ತಾಸರೆ ಅಂತರ ಬೇಕು. ಕ್ಯಾಲ್ಸಿಯಂ ಬಾಜೂಕ ಇದ್ರ ಕಬ್ಬಿಣಾಂಶಾನೂ ಸರಿಯಾಗಿ ಮೈಗೆ ಹತ್ತೂದಿಲ್ಲಾ. ಮ್ಯಾಲೆ ಚಹಾ ಬ್ಯಾರೆ. ಅದರಾಗಿನ ಒಗರು ಕಬ್ಬಿಣಾಂಶಕ್ಕ ಅಡ್ಡ ನಿಂದರ್ತದ.

ಈಗ ನಮ್ಮನಿ ಲೆಕ್ಕಾ ಹಿಂಗದ. ಎದ್ದ ಕೂಡ್ಲೆ ಥೈರಾಯ್ಡಿಂದು, ಬರೇ ನೀರಿನ ಜೋಡಿ. ಚಹಾ ಒಂದು ತಾಸು ಬಿಟ್ಟು. ಮಧ್ಯಾಹ್ನ ಉಂಡು ಎರಡ ತಾಸಾದ ಮ್ಯಾಲೆ ಕಬ್ಬಿಣಾಂಶ, ಲಿಂಬಿಹಣ್ಣಿನ ಪಾನಕದ ಜೋಡಿ, ಯಾಕಂದ್ರ ಲಿಂಬಿಯೊಳಗಿನ ಸಿ ವಿಟಮಿನ್ ಅದಕ್ಕ ಕೈಗೂಡಸ್ತದ. ಸಂಜಿ ಚಹಾ ಅದಾಗಿ ಒಂದ ತಾಸಿಗೆ. ಕ್ಯಾಲ್ಸಿಯಂ ರಾತ್ರಿ ಊಟದ ಜೋಡಿ. ವಾರಕ್ಕೊಮ್ಮೆ 60,000 ಯೂನಿಟ್ಟಿನ ಡಿ ವಿಟಮಿನ್ ಕೊಟ್ಟಾರ, ಅದು ರವಿವಾರ ಮಧ್ಯಾಹ್ನ, ಅನ್ನಕ್ಕ ತುಪ್ಪ ಹಾಕ್ಕೊಂಡು ಉಂಡಾಗ. ಎ, ಡಿ, ಇ, ಕೆ ನಾಲ್ಕೂ ಜಿಡ್ಡಿನಾಗ ಕರಗೂ ವಿಟಮಿನ್. ಜಿಡ್ಡಿದ್ದ ಊಟದ ಜೋಡಿನ ಛಲೋ ಹತ್ತತಾವ. ಆ ವಾರದ ಡಿ ಗುಳಿಗಿನ ತಪ್ಪಿ ದಿನಾ ನುಂಗಬ್ಯಾಡ್ರಿ ಮತ್ತ. ವಿಟಮಿನ್ ಅಲ್ಲಾ, ಏನ ಆಗ್ತದ ಅಂತೀರಿ. ರಕ್ತದಾಗ ಕ್ಯಾಲ್ಸಿಯಂ ಏರಿ ಮೂತ್ರಪಿಂಡಕ್ಕ ಪೆಟ್ಟು ಬೀಳ್ತದ.

ಖಾಲಿ ಹೊಟ್ಟಿಲೆ ಕಬ್ಬಿಣಾಂಶ ತೊಗೊಂಡ್ರ ಕೆಲವರಿಗೆ ಹೊಟ್ಟಿ ತೊಳಸ್ತದ. ನನಗೂ ಹಂಗ ಆಗ್ತದ, ಅದಕ್ಕ ನಾ ಸ್ವಲ್ಪ ತಿಂದ ಮ್ಯಾಲೆ ತೊಗೋತೀನಿ. ಸ್ವಲ್ಪ ಕಡಿಮಿ ಹತ್ತತದ ಖರೆ, ಆದ್ರ ವಾಕರಿಕಿ ಬಂತಂತ ಪೂರ್ತಿ ಬಿಡೂದಕ್ಕಿಂತಾ ಇದು ಮೇಲಲ್ಲಾ?

ನಾ ಹೇಳೂದು ಇಷ್ಟ. ತಪ್ಪು ಅತ್ತಿಯವರದಲ್ಲಾ. ಚೀಟಿಯೊಳಗ ಮೂರಕ್ಕೂ 1-0-0 ಅಂತ ಬರದಿತ್ತು, ಅವರು ಅದನ್ನ ಚಾಚೂ ತಪ್ಪದ ಮಾಡಿದ್ರು. ಮುಂಜಾನಿ ಚಹಾದ ಹೊತ್ತಿನ್ಯಾಗ ಯಾಕ ತೊಗೋತಿದ್ರು? ಮನಿ ಹೆಣ್ಮಕ್ಕಳು ಕೂತು ಒಂದು ಗುಟುಕು ಕುಡಿಯೂದು ಅದೊಂದ ಹೊತ್ತು, ಅದಕ್ಕ. ಒಲಿ ಹಚ್ಚಿದ ಮ್ಯಾಲೆ ಆಕಿ ಗುಳಿಗಿ ಯಾರಿಗೆ ನೆನಪಿರ್ತದ? ನಾವಂತೂ "ಗುಳಿಗಿ ತೊಗೊಂಡ್ರ್ಯಾ?" ಅಂತ ಕೇಳಿ ಕರ್ತವ್ಯ ಮುಗಸ್ತಿದ್ವಿ.

ಹೊತ್ತು ಬದಲಿಸಿ ಎರಡು ತಿಂಗಳಿಗೆ ಮತ್ತ ರಕ್ತ ಪರೀಕ್ಷಾ ಮಾಡಿಸಿದ್ವಿ. ಏರಿಸಿದ್ದ ಥೈರಾಯ್ಡ್ ಡೋಸು ಈಗ ಹೆಚ್ಚಾತು ಅಂತ ಡಾಕ್ಟರಮ್ಮನ ಇಳಿಸಿದ್ರು. ಅದಕ್ಕ ನೀವೂ ಹೊತ್ತು ಬದಲಿಸಿದ್ರ ಡಾಕ್ಟರಿಗೆ ಹೇಳ್ರಿ, ತಾವಾಗೇ ಏರಿಸೂದು ಇಳಿಸೂದು ಬ್ಯಾಡ. ಅತ್ತಿಯವರು ಈಗ ನಡಕ ನಿಲ್ಲದ ಮಾಳಗಿ ಹತ್ತತಾರ, ಶಂಡಿಗಿ ಕಾಯ್ತಾರ.

ಇವತ್ತ ನಿಮ್ಮ ಮನಿ ಹಿರ್ಯಾರಿಗೆ "ಗುಳಿಗಿ ತೊಗೊಂಡ್ರ್ಯಾ" ಅಂತಷ್ಟ ಕೇಳಬ್ಯಾಡ್ರಿ. "ಯಾವಾಗ ತೊಗೊಂಡ್ರಿ, ಯಾತರ ಜೋಡಿ ತೊಗೊಂಡ್ರಿ" ಅಂತ ಬಾಜೂಕ ಕೂತು ಕೇಳ್ರಿ.